ಬ್ರೂಕ್ ಗ್ರೀನ್‌ನಿಂದ ಸ್ಟ್ರಾಬೆರಿ ಹಿಲ್‌ಗೆ: ಒಂದು ಶಿಕ್ಷಕರ ಕಾಲೇಜು ನಡೆದ ಹಾದಿ

ಲಂಡನ್ನಿನ ನೈಋತ್ಯ ಅಂಚಿನಲ್ಲಿರುವ ಸ್ಟ್ರಾಬೆರಿ ಹಿಲ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊರೇಸ್ ವಾಲ್‌ಪೋಲ್ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ, ಮಧ್ಯಯುಗದ ಚರ್ಚುಗಳ ಚೂಪು ಕಮಾನಿನ ಗೋಥಿಕ್ ಶೈಲಿಯ ಬಿಳಿಯ ಮನೆಯನ್ನು ನೋಡಿ ಹಿಂದಿರುಗುತ್ತಾರೆ. ಆ ಮನೆಯನ್ನು ಸುತ್ತುವರಿದಿರುವ ಸೇಂಟ್ ಮೇರೀಸ್ ಎಂಬ ಕ್ಯಾಥೊಲಿಕ್ ವಿದ್ಯಾಸಂಸ್ಥೆ ಅವರ ಕಣ್ಣಿಗೆ ಬೀಳುವುದು ಕಡಿಮೆ. ನನ್ನನ್ನು ಅಲ್ಲಿಗೆ ಎಳೆದದ್ದು ಆ ಸಂಸ್ಥೆಯೇ. ಬಡವರ ಮಕ್ಕಳಿಗೆ ಪಾಠ ಹೇಳುವ ಮೇಷ್ಟರನ್ನು ತಯಾರು ಮಾಡಲೆಂದು ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾದ ಒಂದು ಕಾಲೇಜು ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ವಿಶ್ವವಿದ್ಯಾಲಯವಾದ ಕಥೆಯನ್ನು ಅದು ನಡೆದ ನೆಲದಲ್ಲಿಯೇ ಓದಬೇಕೆಂಬ ಆಸೆಯಿಂದ, ಪ್ರಯಾಣವನ್ನು ಸ್ಟ್ರಾಬೆರಿ ಹಿಲ್‌ನಿಂದಲ್ಲ, ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಿಂದ ಆರಂಭಿಸಿದೆ.

ಹ್ಯಾಮರ್‌ಸ್ಮಿತ್‌ನ ಮುಖ್ಯ ರಸ್ತೆಯ ಗದ್ದಲದಿಂದ ಸ್ವಲ್ಪ ಒಳಗೆ ಬಂದರೆ ಸಾಲುಮರಗಳ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಹುಲ್ಲುಹಾಸು ಬ್ರೂಕ್ ಗ್ರೀನ್. ಅದರ ಒಂದು ತುದಿಯಲ್ಲಿ 1850ರ ದಶಕದ ಹೋಲಿ ಟ್ರಿನಿಟಿ ಕ್ಯಾಥೊಲಿಕ್ ಚರ್ಚಿನ ಎತ್ತರದ ಗೋಪುರ ಇಂದಿಗೂ ನಿಂತಿದೆ. ಕ್ಯಾಥೊಲಿಕರ ಶಾಲೆ, ಆಶ್ರಯಧಾಮಗಳು ಒತ್ತಾಗಿ ನೆಲೆಸಿದ್ದರಿಂದ ಈ ಪ್ರದೇಶವನ್ನು ಜನ ಹಿಂದೆ ‘ಪೋಪನ ಮೂಲೆ’ ಎಂದು ಕರೆಯುತ್ತಿದ್ದರು. ಕಾಲೇಜು ಹುಟ್ಟಿದ ಬ್ರೂಕ್ ಗ್ರೀನ್ ಹೌಸ್ ಮಾತ್ರ ಈಗ ಇಲ್ಲ. 1920ರ ದಶಕದಲ್ಲಿ ಆ ಜಾಗ ಪಕ್ಕದಲ್ಲಿಯೇ ಬೆಳೆಯುತ್ತಿದ್ದ ಲಯನ್ಸ್ ಕಂಪನಿಯ ಕ್ಯಾಡ್ಬಿ ಹಾಲ್ ಎಂಬ ಬೃಹತ್ ಆಹಾರ ಕಾರ್ಖಾನೆಗೆ ಸೇರಿಹೋಯಿತು. 1980ರ ದಶಕದಲ್ಲಿ ಕಾರ್ಖಾನೆಯೂ ನೆಲಸಮವಾಯಿತು. ವ್ಯಾಪಾರದ ಲೆಕ್ಕಪತ್ರಕ್ಕೆ ಕಂಪ್ಯೂಟರನ್ನು ಜಗತ್ತಿನಲ್ಲಿ ಮೊದಲು ದುಡಿಸಿಕೊಂಡದ್ದು 1951ರಲ್ಲಿ, ಇದೇ ಕ್ಯಾಡ್ಬಿ ಹಾಲಿನಲ್ಲಿ. ನನ್ನ ವಿಷಯಕ್ಕೆ ಅದು ನೇರವಾಗಿ ಸೇರದಿದ್ದರೂ, ಒಂದೇ ತುಂಡು ನೆಲ ಎಷ್ಟು ಬಗೆಯ ಆರಂಭಗಳನ್ನು ಕಂಡಿದೆ ಎಂದು ಅಲ್ಲಿ ನಿಂತಾಗ ನೆನೆಯದೆ ಇರಲಾಗಲಿಲ್ಲ.

ಕಾಲೇಜು ಯಾಕೆ ಹುಟ್ಟಿತು ಎಂಬುದನ್ನು ತಿಳಿಯಬೇಕಾದರೆ ಆ ಕಾಲದ ಇಂಗ್ಲೆಂಡನ್ನು ನೆನಪಿಸಿಕೊಳ್ಳಬೇಕು. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದೇ 1829ರ ಕಾಯ್ದೆಯಿಂದ. ಅದಾದ ಹದಿನೈದು ಹದಿನಾರು ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ತಲೆದೋರಿತು. ಹಸಿದ ಕುಟುಂಬಗಳು ಸಮುದ್ರ ದಾಟಿ ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ನುಗಳ ಕೊಳೆಗೇರಿಗಳನ್ನು ತುಂಬಿದವು. ಅವರ ಮಕ್ಕಳಿಗೆ ಶಾಲೆಗಳಿರಲಿಲ್ಲ. ಶಾಲೆ ಇದ್ದಲ್ಲಿ ತರಬೇತಾದ ಮೇಷ್ಟರಿರಲಿಲ್ಲ. 1847ರಲ್ಲಿ ಬಿಷಪ್ಪರು ಬಡವರ ಶಾಲೆಗಳಿಗಾಗಿ ಒಂದು ಸಮಿತಿಯನ್ನು ನೇಮಿಸಿದರು. ಅದೇ ವೇಳೆಗೆ ಸರ್ಕಾರದ ಅನುದಾನ ಕ್ಯಾಥೊಲಿಕ್ ಶಾಲೆಗಳಿಗೂ ದೊರೆಯತೊಡಗಿತು. ಅನುದಾನದೊಂದಿಗೆ ಇನ್‌ಸ್ಪೆಕ್ಟರರೂ ಬರುತ್ತಿದ್ದರು, ಇನ್‌ಸ್ಪೆಕ್ಟರರ ಮುಂದೆ ನಿಲ್ಲಲು ಅರ್ಹತಾಪತ್ರವುಳ್ಳ ಶಿಕ್ಷಕರು ಬೇಕಾಗಿತ್ತು. ಹೀಗೆ ಬಡತನ ಮತ್ತು ಸರ್ಕಾರಿ ನಿಯಮ ಎರಡರ ಒತ್ತಡದಿಂದ, ಮುಂದೆ ಕಾರ್ಡಿನಲ್ ಆದ ನಿಕೊಲಸ್ ವೈಸ್‌ಮನ್ ಅವರ ಮುತುವರ್ಜಿಯಲ್ಲಿ, 1850ರಲ್ಲಿ ಸೇಂಟ್ ಮೇರೀಸ್ ಬಾಗಿಲು ತೆರೆಯಿತು. ನಲವತ್ತು ಮಂದಿಗೆ ಸಾಕಾಗುವ ಮನೆ, ಬಂದವರು ಆರು ಮಂದಿ.

ಸ್ಥಾಪಕರ ಮೂಲ ಯೋಜನೆ ಬೇರೆಯದೇ ಆಗಿತ್ತು ಎಂಬುದು ನನಗೆ ಈ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದ ಸಂಗತಿಯಾಗಿ ಕಂಡಿದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಪ್ಲೊಯೆರ್ಮೆಲ್‌ನಲ್ಲಿದ್ದ ಧಾರ್ಮಿಕ ಸಹೋದರರ ಮಾದರಿಯಲ್ಲಿ, ವ್ರತಧಾರಿಗಳಾದ ತರುಣರನ್ನೇ ಶಿಕ್ಷಕರನ್ನಾಗಿ ರೂಪಿಸಬೇಕೆಂಬುದು ಅವರ ಬಯಕೆ. ಮದುವೆಯಿಲ್ಲದ, ಸಂಬಳದ ಹಂಬಲವಿಲ್ಲದ ಸಹೋದರ ಎಲ್ಲಿಗೆ ಕಳುಹಿಸಿದರೂ ಹೋಗುತ್ತಾನೆ, ಬಡ ಪ್ಯಾರಿಷ್ಷಿಗೂ, ಅಂದರೆ ಒಂದು ಚರ್ಚಿನ ಸುತ್ತಲಿನ ಭಕ್ತರ ವಲಯಕ್ಕೂ, ಭಾರವಾಗುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಅಂಥ ವ್ರತ ಹಿಡಿಯಲು ಮುಂದೆ ಬಂದವರು ತೀರ ಕಡಿಮೆ. ಕೆಲವೇ ವರ್ಷಗಳಲ್ಲಿ ಕಾಲೇಜು ಸಾಮಾನ್ಯ ಗೃಹಸ್ಥ ತರುಣರನ್ನು ಸೇರಿಸಿಕೊಳ್ಳಬೇಕಾಯಿತು. ಅಂದಿನವರಿಗೆ ಇದು ಸೋಲಾಗಿ ಕಂಡಿರಬಹುದು. ನನ್ನ ಅಭಿಪ್ರಾಯದಲ್ಲಿ ಕಾಲೇಜು ಉಳಿದದ್ದೇ ಈ ಬದಲಾವಣೆಯಿಂದ. ಕುಟುಂಬವಂತ ಕ್ಯಾಥೊಲಿಕ್ ಮೇಷ್ಟರ ಒಂದು ಹೊಸ ವರ್ಗವೇ ಇಲ್ಲಿಂದ ಹೊರಬಂದಿತು. ಲಿವರ್‌ಪೂಲಿನಲ್ಲಿ ನೋತ್ರ್ ದಾಮ್ ಸಂನ್ಯಾಸಿನಿಯರು 1856ರಲ್ಲಿ ತೆರೆದ ಕಾಲೇಜು ಶಿಕ್ಷಕಿಯರಿಗಾಗಿ ಮಾಡಿದ ಕೆಲಸವನ್ನು ಶಿಕ್ಷಕರಿಗಾಗಿ ಸೇಂಟ್ ಮೇರೀಸ್ ಮಾಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಡಳಿತ ವಿನ್ಸೆಂಶಿಯನ್ ಪಾದ್ರಿಗಳ ಕೈಗೆ ಬಂದಿತು. ಬಡವರ ಸೇವೆಗೆಂದು ಸಂತ ವಿನ್ಸೆಂಟ್ ದ ಪಾಲ್ 1625ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಸಂಘ ಅದು. ಕಾಲೇಜಿನ ಉದ್ದೇಶಕ್ಕೆ ಇದಕ್ಕಿಂತ ತಕ್ಕ ಒಡನಾಟ ದೊರೆಯುವುದು ಕಷ್ಟವಿತ್ತು.

ಬ್ರೂಕ್ ಗ್ರೀನ್‌ನಿಂದ ವಾಟರ್‌ಲೂಗೆ ಬಂದು ಅಲ್ಲಿಂದ ಉಪನಗರದ ರೈಲು ಹಿಡಿದೆ. ಸ್ಟ್ರಾಬೆರಿ ಹಿಲ್ ಚಿಕ್ಕ ನಿಲ್ದಾಣ. ಅಲ್ಲಿಂದ ಕಾಲೇಜಿಗೆ ತೋಟಗಳುಳ್ಳ ಮನೆಗಳ ಬೀದಿಗಳಲ್ಲಿ ಸ್ವಲ್ಪವೇ ನಡಿಗೆ.

ವಾಲ್ಡ್‌ಗ್ರೇವ್ ರಸ್ತೆಗೆ ಬಂದಾಗ ಮೊದಲು ಎದುರಾಗುವುದು ವಾಲ್‌ಪೋಲನ ಮನೆಯೇ. ಬ್ರಿಟನ್ನಿನ ಮೊದಲ ಪ್ರಧಾನಿ ಎಂದು ಗಣನೆಗೆ ಬರುವ ರಾಬರ್ಟ್ ವಾಲ್‌ಪೋಲ್‌ನ ಕಿರಿಯ ಮಗನಾದ ಹೊರೇಸ್, 1747ರಲ್ಲಿ ಇಲ್ಲಿದ್ದ ಒಂದು ಸಾಧಾರಣ ಮನೆಯನ್ನು ಹಿಡಿದು, ಮುಂದಿನ ಮೂರು ದಶಕಗಳ ಕಾಲ ಅದಕ್ಕೆ ಗೋಪುರ, ಬುರುಜು, ಕಮಾನು, ಬಣ್ಣದ ಗಾಜುಗಳನ್ನು ಸೇರಿಸುತ್ತಲೇ ಹೋದನು. ಒಳಗಿನ ಉದ್ದನೆಯ ಗ್ಯಾಲರಿಯ ಚಾವಣಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿರುವ ಏಳನೆಯ ಹೆನ್ರಿಯ ಪ್ರಾರ್ಥನಾಮಂದಿರದ ಮಾದರಿಯದು. ಆದರೆ ಅಲ್ಲಿ ಕಲ್ಲಾಗಿರುವುದು ಇಲ್ಲಿ ಕಾಗದದ ತಿರುಳಿನಿಂದ ಅಚ್ಚು ತೆಗೆದು ಚಿನ್ನದ ಲೇಪ ಕೊಟ್ಟದ್ದು. ಗ್ರಂಥಾಲಯದ ಬೆಂಕಿಗೂಡು ಸಮಾಧಿಯೊಂದರ ಅನುಕರಣೆ, ಪುಸ್ತಕದ ಕಪಾಟುಗಳ ಕಮಾನುಗಳು 1666ರ ಬೆಂಕಿಯಲ್ಲಿ ನಾಶವಾದ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲಿನ ವಿನ್ಯಾಸದವು. ಪ್ರಾಟೆಸ್ಟೆಂಟ್ ರಾಜಕಾರಣಿಯೊಬ್ಬ ಕ್ಯಾಥೊಲಿಕ್ ಮಧ್ಯಯುಗದ ಚರ್ಚು ಮತ್ತು ಮಠಗಳಿಂದ ಬಿಡಿಭಾಗಗಳನ್ನು ಆಯ್ದು ತನ್ನ ಆನಂದಕ್ಕಾಗಿ ಕಟ್ಟಿಕೊಂಡ ಕಲ್ಪನೆಯ ಮಠ ಇದು. ಅವನು 1797ರಲ್ಲಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಮನೆ ವಾಲ್ಡ್‌ಗ್ರೇವ್ ಮನೆತನಕ್ಕೆ ಸೇರಿತು; 1842ರಲ್ಲಿ ಅವನ ಸಂಗ್ರಹವೆಲ್ಲ ವಾರಗಟ್ಟಲೆ ನಡೆದ ಹರಾಜಿನಲ್ಲಿ ಚೆದುರಿಹೋಯಿತು. ಆ ಬಳಿಕ ಲೇಡಿ ಫ್ರಾನ್ಸಿಸ್ ವಾಲ್ಡ್‌ಗ್ರೇವ್ ಮನೆಯನ್ನು ದುರಸ್ತಿ ಮಾಡಿಸಿ, ರಾಜಕೀಯ ಔತಣಗಳಿಗಾಗಿ ಹೊಸ ಭಾಗವೊಂದನ್ನು ಸೇರಿಸಿದಳು.

1923ರಲ್ಲಿ ವಿನ್ಸೆಂಶಿಯನ್ ಪಾದ್ರಿಗಳು ಈ ಆಸ್ತಿಯನ್ನು ಕೊಂಡರು. 1925ರಲ್ಲಿ ಕಾಲೇಜು ಹ್ಯಾಮರ್‌ಸ್ಮಿತ್‌ನಿಂದ ಇಲ್ಲಿಗೆ ಬಂದಿತು. ಕಲ್ಪನೆಯ ಮಠಕ್ಕೆ ನಿಜವಾದ ಪಾದ್ರಿಗಳು ಬಂದರು. ಒಬ್ಬ ಶ್ರೀಮಂತನ ವಿಲಾಸದ ಅಂಗಳದಲ್ಲಿ ಬಡ ಕುಟುಂಬಗಳ ತರುಣರು ಪಾಠ ಹೇಳುವ ವಿದ್ಯೆಯನ್ನು ಕಲಿಯತೊಡಗಿದರು. ಇಡೀ ಪ್ರವಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿ ಇದು. ಗೋಥಿಕ್ ಪುನರುಜ್ಜೀವನದ ಜೊತೆ ಹೆಸರು ಬೆಸೆದುಕೊಂಡಿರುವ ಪ್ಯೂಜಿನ್ ಮನೆತನದ ಸೆಬಾಸ್ಟಿಯನ್ ಪ್ಯೂಜಿನ್ ಪೊವೆಲ್, ಮನೆಯ ಪಕ್ಕಕ್ಕೆ ಕಾಲೇಜಿನ ಹೊಸ ಕಟ್ಟಡಗಳನ್ನು ರೂಪಿಸಿದರು. ಅವು ಮನೆಯೊಂದಿಗೆ ಸ್ಪರ್ಧೆಗಿಳಿಯುವುದಿಲ್ಲ, ತಮ್ಮ ಕೆಲಸವನ್ನಷ್ಟೇ ಮಾಡುತ್ತವೆ. ಕಾಲೇಜಿನ ಹಳೆಯ ವಿದ್ಯಾರ್ಥಿಗಳು ತಮ್ಮನ್ನು ‘ಸಿಮ್ಮರಿ’ಗಳೆಂದು ಕರೆದುಕೊಳ್ಳುತ್ತಾರೆ.

1960ರ ದಶಕದ ಚ್ಯಾಪೆಲ್ಲಿಗೆ ಬಂದರೆ ವಾತಾವರಣವೇ ಬದಲಾಗುತ್ತದೆ. ಶಾರ್ತ್ರ್ ನಗರದ ಗ್ಯಾಬ್ರಿಯೆಲ್ ಲೋಯರ್ ಮಾಡಿದ ಬಣ್ಣದ ಗಾಜುಗಳು ಗೋಡೆಗಳಿಗೆ ಕೊಡುವ ಬೆಳಕು, ವಾಲ್‌ಪೋಲ್ ಅಲಂಕಾರಕ್ಕೆಂದು ಕೂಡಿಸಿಟ್ಟ ಗಾಜಿನ ಚೂರುಗಳ ಬೆಳಕಿನಂಥದಲ್ಲ. ಇಲ್ಲಿ ಅದು ಪ್ರಾರ್ಥನೆಗೆಂದೇ ಬಂದದ್ದು. ಮನೆಯನ್ನು ನೋಡಿದವರು ಇದನ್ನು ನೋಡದೆ ಹೋಗಬಾರದು ಎಂದು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಕಾಲೇಜಿನ ವೇಗದ ಬೆಳವಣಿಗೆಯೂ ಇದೇ ದಶಕದ್ದು. 1960ರಿಂದ ಇಂಗ್ಲೆಂಡಿನಲ್ಲಿ ಶಿಕ್ಷಕರ ತರಬೇತಿ ಎರಡು ವರ್ಷಗಳಿಂದ ಮೂರು ವರ್ಷಗಳಿಗೆ ಏರಿತು, ಶಿಕ್ಷಣದಲ್ಲಿ ಪದವಿಯ ದಾರಿ ತೆರೆಯಿತು, 1966ರಲ್ಲಿ ಸೇಂಟ್ ಮೇರೀಸ್ ಮೊದಲ ಬಾರಿಗೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡಿತು. ಮುಂದಿನ ದಶಕದಲ್ಲಿ ಜನನ ಪ್ರಮಾಣ ಇಳಿದು ಸರ್ಕಾರ ತರಬೇತಿ ಸ್ಥಾನಗಳನ್ನು ಕಡಿತಗೊಳಿಸಿದಾಗ ದೇಶದ ಎಷ್ಟೋ ಶಿಕ್ಷಕರ ಕಾಲೇಜುಗಳು ಮುಚ್ಚಿದವು ಅಥವಾ ಬೇರೆ ಸಂಸ್ಥೆಗಳಲ್ಲಿ ವಿಲೀನವಾದವು. ಸೇಂಟ್ ಮೇರೀಸ್ ಶಿಕ್ಷಕ ತರಬೇತಿಯನ್ನು ಬಿಡದೆ, ಅದರ ಪಕ್ಕದಲ್ಲಿ ಇತರ ವಿಷಯಗಳ ಪದವಿಗಳನ್ನು ಕಟ್ಟಿಕೊಂಡು ಉಳಿಯಿತು. ಬಹುಕಾಲ ಆ ಪದವಿಗಳ ಮೇಲಿದ್ದದ್ದು ಪರರ ಮುದ್ರೆ, ಮೊದಲು ಲಂಡನ್ ವಿಶ್ವವಿದ್ಯಾಲಯದ್ದು, ಆಮೇಲೆ ಸರ್ರೆ ವಿಶ್ವವಿದ್ಯಾಲಯದ್ದು. 2006ರಲ್ಲಿ ಸ್ವಂತ ಪದವಿ ನೀಡುವ ಅಧಿಕಾರ ಪಡೆದು ಯೂನಿವರ್ಸಿಟಿ ಕಾಲೇಜ್ ಎನಿಸಿಕೊಂಡಿತು, 2014ರ ಜನವರಿಯಲ್ಲಿ ಪೂರ್ಣ ವಿಶ್ವವಿದ್ಯಾಲಯವಾಯಿತು. ಈ ಏರಿಕೆಯಲ್ಲಿ ಅವಸರ ಎಲ್ಲಿಯೂ ಕಾಣದು.

ಯೂನಿವರ್ಸಿಟಿ ಕಾಲೇಜ್ ಆಗಿದ್ದ ಆ ನಡುವಿನ ಅವಧಿಯಲ್ಲಿಯೇ, 2010ರ ಸೆಪ್ಟೆಂಬರ್ 17ರಂದು, ಪೋಪ್ ಹದಿನಾರನೆಯ ಬೆನೆಡಿಕ್ಟ್ ಇಲ್ಲಿಗೆ ಬಂದರು. ಸಾವಿರಾರು ಶಾಲಾ ಮಕ್ಕಳು ಕ್ರೀಡಾಂಗಣದಲ್ಲಿ ನೆರೆದು ಅವರ ಮಾತು ಕೇಳಿದರು. ಅದೇ ದಿನ ಅವರು ಲೇಡಿ ವಾಲ್ಡ್‌ಗ್ರೇವ್‌ಳ ದಿವಾನಖಾನೆಯಲ್ಲಿ ಇತರ ಧರ್ಮಗಳ ಮುಖಂಡರನ್ನು ಭೇಟಿಯಾದರು. ಮರುತಿಂಗಳು, ದುರಸ್ತಿಗಾಗಿ ಮುಚ್ಚಿದ್ದ ವಾಲ್‌ಪೋಲನ ಮನೆ ಸಾರ್ವಜನಿಕರಿಗೆ ಮತ್ತೆ ತೆರೆಯಿತು. ಅದನ್ನು ಈಗ ನೋಡಿಕೊಳ್ಳುತ್ತಿರುವುದು ಪ್ರತ್ಯೇಕ ಟ್ರಸ್ಟ್. ಆದ್ದರಿಂದ ಪ್ರವಾಸಿಗರ ಬಾಗಿಲೂ ವಿದ್ಯಾರ್ಥಿಗಳ ಬಾಗಿಲೂ ಬೇರೆ ಬೇರೆ.

ಹೊರಡುವ ಮುನ್ನ ಓಟದ ಟ್ರ್ಯಾಕನ್ನು ನೋಡಿದೆ. ಲಂಡನ್ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲಿಯೂ ಚಿನ್ನ ಗೆದ್ದ ಮೊ ಫರಾ ತರುಣನಾಗಿದ್ದಾಗ ಬೆಳೆದದ್ದು ಸೇಂಟ್ ಮೇರೀಸ್‌ನ ದೂರದೋಟಗಾರರ ಕೇಂದ್ರದಲ್ಲಿ; ಟ್ರ್ಯಾಕಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಒಂದು ಕಾಲಕ್ಕೆ ಕ್ಯಾಥೊಲಿಕ್ ತರುಣರಿಗಷ್ಟೇ ಮೀಸಲಾಗಿದ್ದ ಕಾಲೇಜು ಮುಸ್ಲಿಂ ಓಟಗಾರನೊಬ್ಬನ ಹೆಸರನ್ನು ಹೆಮ್ಮೆಯಿಂದ ಹೊತ್ತಿರುವುದು ನನಗೆ ಸಂತೋಷ ತಂದಿತು. ಪಕ್ಕದ ಟೆಡಿಂಗ್ಟನ್ ಬೀದಿಯಲ್ಲಿ ಅವರ ಗೆಲುವಿನ ಗೌರವಾರ್ಥ ಚಿನ್ನದ ಬಣ್ಣ ಬಳಿದ ಅಂಚೆಪೆಟ್ಟಿಗೆಯೂ ಇದೆ. ನಡೆಯಲು ಇಷ್ಟವಿರುವವರು ವಾಪಸಾಗುವಾಗ ಟೆಡಿಂಗ್ಟನ್ ಮಾರ್ಗವನ್ನೇ ಹಿಡಿಯಬಹುದು. ಥೇಮ್ಸ್ ನದಿಗೆ ಸಮುದ್ರದ ಉಬ್ಬರ ಏರಿ ಬರುವ ಕೊನೆಯ ಎಲ್ಲೆಯಾದ ಟೆಡಿಂಗ್ಟನ್ ಲಾಕ್ ಎಂಬ, ದೋಣಿಗಳನ್ನು ದಾಟಿಸುವ ನೀರಿನ ಕಟ್ಟೆ ಅಲ್ಲಿಗೆ ಸಮೀಪ, ಲಂಡನ್ನಿಗೆ ರೈಲೂ ಅಲ್ಲಿಂದಲೇ ಸಿಗುತ್ತದೆ.