ಅಂಪೈರ್ ಇಲ್ಲದ ಆಟ, ವಾರಸುದಾರರಿಲ್ಲದ ಕ್ಲಬ್ಬು

ನ್ಯೂಜೆರ್ಸಿಗೆ ಬರುವ ಅಪ್ಪ-ಅಮ್ಮಂದಿರನ್ನು ನಾವೆಲ್ಲ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೋ, ಎಡಿಸನ್ನಿನ ಓಕ್ ಟ್ರೀ ರಸ್ತೆಗೋ ಕರೆದುಕೊಂಡು ಹೋಗುತ್ತೇವೆ. ಮೇಪಲ್‌ವುಡ್ ಎಂಬ ಊರಿನ ಒಂದು ಕಾರ್ ಪಾರ್ಕಿಂಗ್ ಜಾಗವನ್ನು ಮಾತ್ರ ಯಾರೂ ತೋರಿಸುವುದಿಲ್ಲ. ತೋರಿಸಲು ಅಲ್ಲಿ ಇರುವುದೂ ಟಾರು ಮತ್ತು ಒಂದು ಫಲಕ ಅಷ್ಟೇ. ಪಕ್ಕದ ಕೊಲಂಬಿಯಾ ಹೈಸ್ಕೂಲಿನ ಹುಡುಗರು 1968ರಲ್ಲಿ ಹುಟ್ಟುಹಾಕಿದ ಅಲ್ಟಿಮೇಟ್ ಫ್ರಿಸ್ಬೀ ಆಟದ ತವರು ಅದು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ತಂಡಕ್ಕೆ ಏಳು ಜನ, 175 ಗ್ರಾಮಿನ ಪ್ಲಾಸ್ಟಿಕ್ ಡಿಸ್ಕ್. ಅದು ಕೈಗೆ ಬಂದ ಮೇಲೆ ಓಡುವಂತಿಲ್ಲ, ಹತ್ತು ಸೆಕೆಂಡಿನೊಳಗೆ ಜೊತೆಯವರಿಗೆ ಎಸೆಯಬೇಕು. ಎದುರು ತುದಿಯ ಪಟ್ಟಿಯೊಳಗೆ ನಿಮ್ಮವರು ಯಾರಾದರೂ ಹಿಡಿದರೆ ಒಂದು ಪಾಯಿಂಟ್.

ಹುಟ್ಟಿದ ರೀತಿ ತಮಾಷೆಯದು. ಜೋಯೆಲ್ ಸಿಲ್ವರ್ ಎಂಬ ಹುಡುಗ ಆ ವರ್ಷದ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಬೇಸಿಗೆ ತರಗತಿಗೆ ಹೋಗಿದ್ದ. ಅಲ್ಲಿ ಜಾರೆಡ್ ಕ್ಯಾಸ್ ಎಂಬ ಕಾಲೇಜು ಹುಡುಗನಿಂದ ಇಂಥದ್ದೊಂದು ಆಟ ಕಲಿತು ಬಂದ. ಶಾಲೆಯ ವಿದ್ಯಾರ್ಥಿ ಸಂಸತ್ತಿನ ಸಭೆಯಲ್ಲಿ ಎದ್ದು ನಿಂತು, ‘ನಮ್ಮ ಶಾಲೆಯಲ್ಲಿ ಫ್ರಿಸ್ಬೀ ಆಟಕ್ಕೆ ಜಾಗ ಕೊಡಬೇಕು’ ಎಂದು ನಿರ್ಣಯ ಮಂಡಿಸಿದ. ಅರ್ಧ ಕೀಟಲೆಗೇ ಮಾಡಿದ್ದು, ಆದರೂ ಪಾಸಾಯಿತು. ಮೊದಮೊದಲ ಪಂದ್ಯ ಸಂಸತ್ತಿನವರಿಗೂ ಶಾಲಾ ಪತ್ರಿಕೆಯ ಹುಡುಗರಿಗೂ. ಬಂದಷ್ಟು ಜನ ಆಡಬಹುದಿತ್ತು, ಡಿಸ್ಕ್ ಹಿಡಿದು ಓಡಲೂಬಹುದಿತ್ತು. ರಾತ್ರಿ ದೀಪವಿದ್ದದ್ದು ಆ ಪಾರ್ಕಿಂಗ್ ಜಾಗದಲ್ಲಿ ಎಂದು ಆಟ ಅಲ್ಲಿಗೆ ಹೋಯಿತು. ತಂಡಕ್ಕೆ ಏಳು ಜನ ಎಂಬ ಲೆಕ್ಕ ಬಂದದ್ದೂ ಆ ಟಾರಿನ ಅಳತೆಗೆ. ಸಿಲ್ವರ್, ಬಜ್ಜಿ ಹೆಲ್‌ರಿಂಗ್, ಜಾನ್ ಹೈನ್ಸ್ ಮೂವರೂ ಕೂತು ನಿಯಮ ಬರೆದರು. ದೊಡ್ಡವರ ಕೈ ಇದರಲ್ಲಿ ಎಲ್ಲೂ ಕಾಣುವುದಿಲ್ಲ ಎನ್ನುವುದೇ ನನಗೆ ಹಿಡಿಸಿದ್ದು.

1970ರ ನವೆಂಬರ್ 7ರಂದು ಪಕ್ಕದೂರಿನ ಮಿಲ್‌ಬರ್ನ್ ಹೈಸ್ಕೂಲನ್ನು 43–10ರಿಂದ ಸೋಲಿಸಿದ್ದು ಶಾಲೆ-ಶಾಲೆಗಳ ನಡುವಿನ ಮೊದಲ ಪಂದ್ಯ. ಆಮೇಲೆ ಆ ಹುಡುಗರು ಪಾಸಾಗಿ ಬೇರೆ ಬೇರೆ ಕಾಲೇಜುಗಳಿಗೆ ಹೋದರು, ಆಟವೂ ಅವರ ಪೆಟ್ಟಿಗೆಯಲ್ಲೇ ಹೋಯಿತು. 1972ರ ನವೆಂಬರ್ 6ರಂದು ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 29–27ರಿಂದ ಗೆದ್ದಿತು. ಸರಿಯಾಗಿ 103 ವರ್ಷ ಹಿಂದೆ, ಅದೇ ದಿನ, ಅದೇ ಜಾಗದಲ್ಲಿ, ಅದೇ ಎರಡು ಕಾಲೇಜುಗಳು ಅಮೆರಿಕದ ಮೊದಲ ಅಂತರಕಾಲೇಜು ಫುಟ್‌ಬಾಲ್ ಆಡಿದ್ದವು. ಆಗಲೂ ರಟ್ಗರ್ಸ್ ಗೆದ್ದದ್ದು ಎರಡೇ ಅಂಕದಿಂದ. ಆ ಮೈದಾನವೂ ಅಷ್ಟರಲ್ಲಿ ಪಾರ್ಕಿಂಗ್ ಜಾಗವಾಗಿತ್ತು! ಹೆಲ್‌ರಿಂಗ್ ಇದನ್ನು ನೋಡಲಿಲ್ಲ. ಪ್ರಿನ್ಸ್‌ಟನ್ನಿನ ಮೊದಲ ವರ್ಷದಲ್ಲೇ, 1971ರಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡಿದ್ದ. ಸಿಲ್ವರ್ ಮುಂದೆ ಹಾಲಿವುಡ್ಡಿನ ದೊಡ್ಡ ನಿರ್ಮಾಪಕನಾದ.

ಓದು ಮುಗಿಸಿ ಹೊರಟ ಮಕ್ಕಳಿಂದಲೇ ಈ ಆಟ ಹರಡಿತು. ಕ್ಲಬ್ಬುಗಳು ಮುಚ್ಚುವುದೂ ಅದೇ ಕಾರಣಕ್ಕೆ. ಇಲ್ಲಿ ಹೈಸ್ಕೂಲೆಂದರೆ ನಾಲ್ಕು ವರ್ಷ, ಒಂಬತ್ತರಿಂದ ಹನ್ನೆರಡನೆಯ ತರಗತಿ. ಫುಟ್‌ಬಾಲಿಗೆ ಸಂಬಳದ ಕೋಚು, ಬಸ್ಸು, ಮೈದಾನ ಎಲ್ಲವೂ ಇವೆ. ಅಲ್ಟಿಮೇಟಿಗೆ ಅಂಥ ಸ್ಥಾನ ಮೊದಲು ಕೊಟ್ಟ ರಾಜ್ಯ ವರ್ಮಾಂಟ್, ಅದೂ 2019ರ ಹೊತ್ತಿಗೆ. ಹುಟ್ಟಿದ ನ್ಯೂಜೆರ್ಸಿಯಲ್ಲಿ ಇದಿನ್ನೂ ಮಕ್ಕಳೇ ನಡೆಸಿಕೊಳ್ಳುವ ಕ್ಲಬ್ಬು. ನಮ್ಮೂರ ಶಾಲೆಯಲ್ಲೂ ಒಂದಿತ್ತಂತೆ. ಕೋವಿಡ್ ಬಂದು ಮೈದಾನಕ್ಕೆ ಬೀಗ ಬಿತ್ತು, ಆಡಲು ಬರುತ್ತಿದ್ದವರು ಪಾಸಾಗಿ ಹೋದರು, ಕಲಿಸಲು ಯಾರೂ ಉಳಿಯಲಿಲ್ಲ. ಮುಚ್ಚಿತೆಂದು ಯಾರೂ ಹೇಳಿದ್ದೂ ಇಲ್ಲ.

ನಮ್ಮ ಮಗ ಮತ್ತು ಅವನ ಗೆಳೆಯರು ಅದನ್ನು ಎಬ್ಬಿಸಿದ್ದು ಸಾಹಸವೇನಲ್ಲ. ಹೊಣೆ ಹೊರಲು ಒಬ್ಬರು ಟೀಚರ್ ಬೇಕು, ಒಂದು ಅರ್ಜಿ, ಒಂದಿಷ್ಟು ಸಹಿ. ಫಿಸಿಕ್ಸ್ ಟೀಚರ್ ಒಪ್ಪಿಕೊಂಡರು, ಬೀರುವಿನಿಂದ ಹಳೇ ಡಿಸ್ಕುಗಳನ್ನೂ ಹುಡುಕಿ ಕೊಟ್ಟರು. ಕಷ್ಟವಾದದ್ದು ಮೈದಾನ. ಸಾಕರು, ಲಕ್ರಾಸು ಎಲ್ಲ ಮುಗಿದ ಮೇಲೆ ಸಿಕ್ಕಿದ್ದು ಹಿಂದುಗಡೆಯ ಹುಲ್ಲು, ತುಂಬ ಕೆನಡಾ ಬಾತುಗಳ ಹಿಕ್ಕೆ. ಅವನ ಬೂಟು ಇವತ್ತಿಗೂ ಗ್ಯಾರೇಜಿನಲ್ಲೇ ಇರುತ್ತದೆ. ಇಲ್ಲಿನ ನಮ್ಮ ದೇಸಿ ತಂದೆ-ತಾಯಿಯರ ಪ್ರಶ್ನೆ ಬೇರೆ: ‘ಕಾಲೇಜ್ ಅಪ್ಲಿಕೇಷನ್‌ಗೆ ಇದರಿಂದ ಏನು ಉಪಯೋಗ?’ ಮೈಸೂರಿನಿಂದ ನಮ್ಮ ಅತ್ತೆ ವಿಡಿಯೋದಲ್ಲಿ ನೋಡಿ, “ತಟ್ಟೆ ಎಸೆಯೋಕೂ ಒಂದು ಟೀಮೇನೋ ಕಂದಾ?” ಅಂದರು. “ಅಜ್ಜೀ, ಬೆಂಗಳೂರಲ್ಲೂ ಆಡ್ತಾರೆ” ಅಂದ. ಆಡುತ್ತಾರೆ, ನಿಜ.

ನನಗೆ ವಿಚಿತ್ರ ಅನ್ನಿಸಿದ್ದು ಅಂಪೈರ್ ಇಲ್ಲದಿರುವುದು. ನಮ್ಮ ಬೀದಿ ಕ್ರಿಕೆಟ್ಟಿನಲ್ಲೂ ಅಂಪೈರ್ ಇರಲಿಲ್ಲ, ಆದರೆ ಬ್ಯಾಟು ಯಾರದೋ ಅವನ ಮಾತೇ ಕಾನೂನಾಗಿತ್ತು. ಇಲ್ಲಿ ತಾಗಿಸಿಕೊಂಡವನೇ ‘ಫೌಲ್’ ಅನ್ನುತ್ತಾನೆ. ತಾಗಿಸಿದವನು ಒಪ್ಪಬಹುದು, ಇಲ್ಲವೇ ‘ಕಂಟೆಸ್ಟ್’ ಅನ್ನಬಹುದು. ಹಿಡಿಯಲು ಹೋದಾಗ ಹೀಗೆ ತಾಗಿ, ಇಬ್ಬರೂ ಪಟ್ಟು ಬಿಡದಿದ್ದರೆ ಡಿಸ್ಕ್ ಎಸೆದವನ ಕೈಗೇ ವಾಪಸ್, ಅಲ್ಲಿಂದ ಮತ್ತೆ ಆಟ. ಬದಿಯಲ್ಲಿ ನಿಂತ ಅಪ್ಪಂದಿರು ಬಾಯಿ ಹಾಕುವಂತಿಲ್ಲ. ನಮ್ಮವರಿಗೆ ಆಟದಲ್ಲಿ ಅತಿ ಕಷ್ಟದ ನಿಯಮ ಇದೇ! ಹದಿನೈದು ವರ್ಷದ ಇಬ್ಬರು ಹುಡುಗರು ಏದುಸಿರು ಬಿಡುತ್ತಾ, ‘ನೀನು ಮೊದಲು ಮುಟ್ಟಿದೆ’, ‘ಇಲ್ಲ, ಡಿಸ್ಕ್ ಆಗಲೇ ಬಿದ್ದಿತ್ತು’ ಎಂದು ಅರ್ಧ ನಿಮಿಷದಲ್ಲಿ ಬಗೆಹರಿಸಿಕೊಳ್ಳುವುದನ್ನು ನೋಡಬೇಕು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಬೆರೆತು, ಹೆಗಲ ಮೇಲೆ ಕೈ ಹಾಕಿ ದುಂಡಗೆ ನಿಲ್ಲುತ್ತಾರೆ. ಎದುರು ತಂಡ ಎಷ್ಟು ಸರಿಯಾಗಿ ನಡೆದುಕೊಂಡಿತು ಎಂದು ಹೇಳುತ್ತಾರೆ. ಕೆಲವು ಟೂರ್ನಿಗಳಲ್ಲಿ ಅದಕ್ಕೂ ಅಂಕವಿದೆ. ನಮ್ಮ ಮಗನ ತಂಡ ಅದರಲ್ಲೂ ಒಮ್ಮೆ ಕೊನೆಗೆ ಬಂದಿತ್ತು, ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಈಗಿನ ಕ್ಯಾಪ್ಟನ್ ಹುಡುಗಿ ಜೂನ್‌ನಲ್ಲಿ ಪಾಸಾಗಿ ಹೋಗುತ್ತಾಳೆ. ಹಾಗಾಗಿ ಈ ಸಲ ಒಂದು ಕಟ್ಟಳೆ ಮಾಡಿದ್ದಾಳೆ: ಅಭ್ಯಾಸದ ಮೊದಲ ಅರ್ಧ ಗಂಟೆ ಹನ್ನೆರಡನೆಯವರು ಆಡುವಂತಿಲ್ಲ, ಒಂಬತ್ತನೆಯವರಿಗೆ ಫ್ಲಿಕ್ ಎಸೆಯುವುದನ್ನು ಕಲಿಸಬೇಕು. ಮಣಿಕಟ್ಟಿನಲ್ಲೇ ಬೀಸಿ ಎಸೆಯುವ ಅದು ಬೇಗ ಒಲಿಯುವುದಿಲ್ಲ. ನಮ್ಮ ಮಗನಿಗೆ ಸಿಕ್ಕಿರುವ ಶಿಷ್ಯನ ಡಿಸ್ಕ್ ಸದ್ಯಕ್ಕೆ ಬಾತುಗಳ ಕಡೆಗೇ ಹೋಗುತ್ತಿದೆ.