ಮಾಜಾಳಿ ಗಡಿಯ ಯಾವ ಕಡೆ ವಸ್ತಿ ಮಾಡಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ಮೂರು ದಿನ ರಜೆ ಜೋಡಿಸಿಕೊಂಡು ಬಂದರೆ ಮನೆಯಲ್ಲಿ ಏಳುವ ಮಾತು ಸಾಮಾನ್ಯವಾಗಿ ಒಂದೇ: "ಕಾರವಾರಕ್ಕ ಹೋಗೋಣು, ಹಂಗ ಗೋವಾನೂ ನೋಡ್ಕೊಂಡ ಬರೋಣು." ಕಾರವಾರ ಪೇಟೆಯಿಂದ ಮಾಜಾಳಿ ಹತ್ತಿರದ ಗೋವಾ ಗಡಿ ಹದಿನೈದು ಕಿ.ಮೀ. ಒಳಗೇ ಇರುವುದರಿಂದ ಈ ಮಾತಿನಲ್ಲಿ ತಪ್ಪೇನೂ ಇಲ್ಲ. ತೊಡಕು ಬರುವುದು ರೂಮು ಹಿಡಿಯುವಾಗ. ನೋಡಬೇಕಾದ ಜಾಗಗಳನ್ನೆಲ್ಲ ಮ್ಯಾಪಿನಲ್ಲಿ ಗುರುತು ಮಾಡಿ, ಅವುಗಳ ನಟ್ಟನಡುವೆ ಅಗ್ಗದ ಲಾಡ್ಜ್ ಹುಡುಕುವುದು ಎಲ್ಲರ ಲೆಕ್ಕ. ಗಡಿ ಪಕ್ಕದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹಗಲು ಗಡಿ ದಾಟುವುದು ಐದು ನಿಮಿಷದ ಕೆಲಸ, ರಾತ್ರಿ ದಾಟುವುದು ಬೇರೆಯೇ ಕೆಲಸ. ಅದಕ್ಕೇ ಹಗಲು ಎಲ್ಲಿ ತಿರುಗುತ್ತೀರಿ ಎಂದು ಕೇಳಿಕೊಳ್ಳುವ ಮೊದಲು ಸಂಜೆ ಎಲ್ಲಿ ಕೂಡುತ್ತೀರಿ ಎಂದು ಮನೆಮಂದಿ ಸೇರಿ ತೀರ್ಮಾನಿಸಿ. ರೂಮು ಅಲ್ಲೇ ಹಿಡಿಯಿರಿ.

ರಾತ್ರಿ ಏನಾಗುತ್ತದೆ ಎಂದರೆ: ದಕ್ಷಿಣ ಗೋವಾದ ಪಾಲೋಲೆಂ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಊಟ ಮುಗಿಸಿ ಏಳುವಾಗ ಒಂಬತ್ತೂವರೆ. ಅಲ್ಲಿಂದ ಕಾರವಾರ ಸುಮಾರು 40 ಕಿ.ಮೀ. ಗಾಡಿ ಓಡಿಸುವವರು ಒಂದು ಬಿಯರ್ ಕುಡಿದಿದ್ದರೂ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಡಿಕ್ಕಿ ತೆರೆಸುತ್ತಾರೆ, ರಜೆಯ ದಿನಗಳಲ್ಲಿ ಸಾಲು ಉದ್ದ ಇರುತ್ತದೆ. ಗೋವಾದಲ್ಲಿ ಅಗ್ಗ ಎಂದು ತಂದ ಬಾಟಲಿಗೆ ಪರವಾನಗಿ ಇಲ್ಲದಿದ್ದರೆ ಅದು ಕರ್ನಾಟಕ ಅಬಕಾರಿ ಕಾಯ್ದೆಯಡಿ ಕೇಸು. ಬಾಟಲಿ ಮಾತ್ರವಲ್ಲ, ಗಾಡಿಯೂ ಜಪ್ತಿಯಾಗಬಹುದು. ಸ್ಟೆಪ್ನಿ ಕೆಳಗೆ, ಮಕ್ಕಳ ಬ್ಯಾಗಿನೊಳಗೆ ಬಚ್ಚಿಡುವ ಜಾಣತನ ಆ ಸಿಬ್ಬಂದಿಗೆ ದಿನನಿತ್ಯದ್ದು. ಕುಡಿಯುವವರು ಅಲ್ಲೇ ಕುಡಿದು ಅಲ್ಲೇ ಮಲಗುವುದು ಒಳ್ಳೆಯದು. ಕುಡಿಯದವರಿಗೆ ಗೋವಾ ಕಡೆ ರಾತ್ರಿ ಉಳಿಯಲು ಅರ್ಧ ಕಾರಣ ಅಲ್ಲಿಗೇ ಹೋಯಿತು.

1961ರ ಡಿಸೆಂಬರ್ 19ರ ತನಕ ಇದೇ ಗೆರೆ ದೇಶದ ಗಡಿಯಾಗಿತ್ತು, ಆಚೆ ಪೋರ್ಚುಗೀಸರಿದ್ದರು. ಇಂದಿಗೂ ತೆರಿಗೆ, ಹೆಂಡ, ಪೆಟ್ರೋಲು, ಬಸ್ಸು, ಟ್ಯಾಕ್ಸಿ ಐದೂ ಈ ಗೆರೆಯಲ್ಲಿ ಬದಲಾಗುತ್ತವೆ. ಅಷ್ಟರ ಮಟ್ಟಿಗೆ ಅದು ಹಳೆಯ ಗುಣ ಬಿಟ್ಟಿಲ್ಲ.

ದಕ್ಷಿಣದಿಂದ ಉತ್ತರಕ್ಕೆ ನೋಡಿದರೆ ವಸ್ತಿಗೆ ಇರುವ ಜಾಗ ನಾಲ್ಕು: ಗೋಕರ್ಣ, ಕಾರವಾರ ಪೇಟೆ, ಕಾಳಿ ನದಿಯ ಆಚೆ ದಂಡೆಯ ಸದಾಶಿವಗಡ–ದೇವಬಾಗ–ಮಾಜಾಳಿ ಪಟ್ಟಿ, ಗಡಿ ದಾಟಿದರೆ ಕಾಣಕೋಣ ತಾಲ್ಲೂಕಿನ ಪಾಲೋಲೆಂ, ಪಾಟ್ನೆಂ, ಅಗೋಂದ.

ಗೋಕರ್ಣವನ್ನು ಈ ಲೆಕ್ಕದಿಂದ ತೆಗೆದುಬಿಡಿ. ಅದು ಬೇರೆಯದೇ ಪ್ರವಾಸ. ಮಹಾಬಲೇಶ್ವರನ ದರ್ಶನ, ಕುಡ್ಲೆ, ಓಂ ಬೀಚು, ಎರಡು ದಿನ ಅಲ್ಲೇ ಕಳೆದರೆ ಸೊಗಸು. ಅಲ್ಲಿ ರೂಮು ಹಿಡಿದು "ಒಂದು ದಿನ ಗೋವಾ" ಎಂದರೆ ಪಾಲೋಲೆಂಗೆ ಹೋಗಲು ನೂರರ ಹತ್ತಿರ ಕಿ.ಮೀ., ಬರಲು ಮತ್ತೆ ನೂರು. ನಡುವೆ ಹಟ್ಟಿಕೇರಿ ಟೋಲ್. ಕಡಲು ಕಾಣುವುದಕ್ಕಿಂತ ಹೆಚ್ಚು ಹೆದ್ದಾರಿಯೇ ಕಾಣುತ್ತದೆ.

ಕಾರವಾರ ಪೇಟೆ ಬಸ್ಸಿನಲ್ಲಿ ಬರುವವರಿಗೆ ಸರಿ. ವಾಯವ್ಯ ಸಾರಿಗೆಯ ಬಸ್ಸು ಹುಬ್ಬಳ್ಳಿಯಿಂದ ನೇರ ಇದೆ, ನಿಲ್ದಾಣದಿಂದ ಲಾಡ್ಜಿಗೆ ನಡೆದೇ ಹೋಗಬಹುದು, ಸಸ್ಯಾಹಾರಿ ಹೋಟೆಲು ಸಿಗುತ್ತವೆ. ಹೆಣ್ಣುಮಕ್ಕಳೇ ಸೇರಿ ಹೊರಟಿದ್ದರೆ ಇನ್ನೊಂದು ಲೆಕ್ಕ: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಇದೆ, ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಇಲ್ಲ. ಕಾರವಾರದ ತನಕ ಆಧಾರ್ ಕಾರ್ಡ್ ತೋರಿಸಿ ಬಂದು, ಅಲ್ಲಿಂದ ಗೋವಾದ ಕದಂಬ ಬಸ್ಸು ಹತ್ತಿ ಟಿಕೆಟ್ ತೆಗೆಸಿದರಾಯಿತು. ಮಡಗಾಂವ್ ಕಡೆ ಹೋಗುವ ಬಸ್ಸು ಕಾಣಕೋಣದ ಚಾವ್ಡಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಪಾಲೋಲೆಂಗೆ ಆಟೋ. ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಪ್ಪಿದರೆ ಟ್ಯಾಕ್ಸಿಯವರು ಹೇಳಿದ್ದೇ ರೇಟು. ಗೋವಾದಲ್ಲಿ ಓಲಾ, ಊಬರ್ ಓಡುವುದಿಲ್ಲ.

ಪೇಟೆಯ ಕುಂದು ಎಂದರೆ ಕಡಲು ಎದುರಿಗಿದ್ದರೂ ನಡುವೆ ಹೆದ್ದಾರಿಯ ಮೇಲ್ಸೇತುವೆ ಬಂದಿದೆ. ಟ್ಯಾಗೋರ್ ಬೀಚು ಸಂಜೆ ಅಡ್ಡಾಡಲು, ಹಡಗಿನ ವಸ್ತುಸಂಗ್ರಹಾಲಯ ನೋಡಲು ಚೆಂದ, ನೀರಿಗಿಳಿದು ಆಡಲು ಅಷ್ಟು ಹೇಳಿ ಮಾಡಿಸಿದ್ದಲ್ಲ. ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆಯ ತೀರ ನೌಕಾನೆಲೆಯ ಪಾಲಾಗಿದೆ. ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಹಳೆಯ ಫೋಟೊಗಳಲ್ಲಿ ಕಾಣುವ ಎಷ್ಟೋ ಜಾಗಗಳಿಗೆ ಈಗ ಪ್ರವೇಶವೇ ಇಲ್ಲ. ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ ಮೊಬೈಲು ಎತ್ತುವುದೂ ಬೇಡ.

ಮನೆಮಂದಿಯೆಲ್ಲ ಸೇರಿ, ಅಜ್ಜ-ಅಜ್ಜಿ, ಸಣ್ಣ ಮಕ್ಕಳ ಜೊತೆ ಸ್ವಂತ ಕಾರಿನಲ್ಲಿ ಹೊರಟಿದ್ದರೆ ಕಾಳಿ ನದಿ ದಾಟಿ ಆಚೆ ದಂಡೆಯಲ್ಲೇ ಉಳಿಯಿರಿ. ನಮ್ಮ ಮಂದಿ ಈ ಪಟ್ಟಿಯನ್ನು ಯಾಕೋ ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೀದಾ ಪೇಟೆಗೆ ಹೋಗುತ್ತಾರೆ ಇಲ್ಲವೇ ಸೀದಾ ಗೋವಾಕ್ಕೆ. ದೇವಬಾಗದಲ್ಲಿ ಗಾಳಿಮರದ ತೋಪಿನ ನೆರಳು ದಂಡೆಯ ಉದ್ದಕ್ಕೂ ಇದೆ. ಮಾಜಾಳಿಯಿಂದ ತಿಳಮಾತಿಯ ಕಪ್ಪು ಮರಳಿನ ಪುಟ್ಟ ದಂಡೆಗೆ ಗುಡ್ಡ ಹತ್ತಿಳಿದು ನಡೆದು ಹೋಗಬೇಕು, ಮೊಣಕಾಲು ನೋವಿನವರನ್ನು ಕರೆದೊಯ್ಯಬೇಡಿ. ಪಾಲೋಲೆಂ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಎಂಟಕ್ಕೆ ಹೊರಟು ಬಿಸಿಲೇರುವ ಮೊದಲು ಅಲ್ಲಿ ನೀರಾಟ ಮುಗಿಸಿ, ಮಧ್ಯಾಹ್ನದ ಊಟವಾದ ಮೇಲೆ ತಿರುಗಿ ಬಂದು, ಸೂರ್ಯಾಸ್ತವನ್ನು ಮಾಜಾಳಿಯಲ್ಲೇ ನೋಡಬಹುದು. ಅದೇ ಕಡಲು, ಅದೇ ಸೂರ್ಯ, ಮಂದಿ ಮಾತ್ರ ಕಡಿಮೆ. ತುರ್ತು ಬಂದರೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ನದಿಯಾಚೆಯೇ ಇದೆ. ಕಾಣಕೋಣದಲ್ಲಿ ಉಳಿದರೆ ದೊಡ್ಡ ಆಸ್ಪತ್ರೆಗೆ ಕರ್ಮಲ ಘಟ್ಟದ ತಿರುವು ದಾಟಿ ಮಡಗಾಂವ್‌ಗೆ ಹೋಗಬೇಕು. ವಯಸ್ಸಾದವರು ಜೊತೆಗಿದ್ದರೆ ರೂಮಿನ ಎಸಿಗಿಂತ ಇದು ದೊಡ್ಡ ಮಾತು.

ಈ ದಂಡೆಗೆ ಒಂದು ಎಚ್ಚರಿಕೆ ಇದೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ಆಮೇಲೆ ಎರಡೂ ಕಡೆಯ ವಾಹನಗಳ ಭಾರ ಪಕ್ಕದ ಹೊಸ ಸೇತುವೆಯ ಮೇಲೆಯೇ ಬಿತ್ತು. ರಜೆಯ ಸಂಜೆ ಪೇಟೆಗೆ ಹೋಗಿ ಬರುವ ಯೋಜನೆ ಇದ್ದರೆ ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ಔಷಧಿ, ಹಾಲು, ಮಕ್ಕಳ ಸಾಮಾನು ಬರುವಾಗಲೇ ಪೇಟೆಯಲ್ಲಿ ಕೊಂಡು ನದಿ ದಾಟಿದರೆ ಮತ್ತೆ ತಿರುಗುವ ಕೆಲಸ ಇರುವುದಿಲ್ಲ.

ಇನ್ನು ಪಾಲೋಲೆಂ. ಗೆಳೆಯರ ಗುಂಪು, ಹೊಸದಾಗಿ ಮದುವೆಯಾದವರು, ರಾತ್ರಿ ದಂಡೆಯಲ್ಲಿ ಕೂತು ಹರಟಬೇಕು ಎನ್ನುವವರು ಗಡಿಯಾಚೆಯೇ ರೂಮು ಹಿಡಿಯಬೇಕು. ಅಲ್ಲಿನ ಮರದ ಗುಡಿಸಲುಗಳನ್ನು ಮಳೆಗಾಲಕ್ಕೆ ಮೊದಲು ಬಿಚ್ಚಿ, ಅಕ್ಟೋಬರ್ ಸುಮಾರಿಗೆ ಮತ್ತೆ ಕಟ್ಟುತ್ತಾರೆ. ದಸರಾ ರಜೆಗೆ ಹೋದರೆ ಅರ್ಧ ಕಟ್ಟಿದ ಗುಡಿಸಲು, ಮೊಳೆ ಬಡಿಯುವ ಸದ್ದು ಸಿಗಬಹುದು. ನವೆಂಬರ್ ನಡುವಿನಿಂದ ಫೆಬ್ರವರಿ ತನಕ ಹವೆ ಚೆಂದ. ಅದರಲ್ಲೂ ಡಿಸೆಂಬರ್ 20ರಿಂದ ಜನವರಿ ಮೊದಲ ವಾರದ ತನಕ ಬಾಡಿಗೆ ಎರಡು-ಮೂರು ಪಟ್ಟು ಏರುತ್ತದೆ, ಕನಿಷ್ಠ ಮೂರ್ನಾಲ್ಕು ರಾತ್ರಿ ಉಳಿಯಲೇಬೇಕು ಎನ್ನುವವರೂ ಇದ್ದಾರೆ. ಆ ಎರಡು ವಾರ ಬಿಟ್ಟು ಹೋಗುವುದು ಲೇಸು.

ಫೋನಿನಲ್ಲಿ ರೂಮು ಕೇಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಕಾರು ಎಲ್ಲಿಯ ತನಕ ಬರುತ್ತದೆ ಎಂಬುದು. ಪಾಲೋಲೆಂನ ಎಷ್ಟೋ ಗುಡಿಸಲುಗಳಿಗೆ ಗಾಡಿ ಹೋಗುವುದಿಲ್ಲ, ಮರಳಿನಲ್ಲಿ ಸೂಟ್‌ಕೇಸಿನ ಗಾಲಿ ಉರುಳುವುದಿಲ್ಲ, ಹೊತ್ತುಕೊಂಡೇ ನಡೆಯಬೇಕು. ಕಂಬದ ಮೇಲಿನ ಗುಡಿಸಲಾದರೆ ಏಣಿಯಂಥ ಮೆಟ್ಟಿಲು, ರಾತ್ರಿ ಎದ್ದು ಬಚ್ಚಲಿಗೆ ಹೋಗುವವರಿಗೆ ಕಷ್ಟ. ಬಚ್ಚಲು ಒಳಗಿದೆಯೋ ಹೊರಗೋ, ಬಿಸಿನೀರು ಎಷ್ಟರಿಂದ ಎಷ್ಟರ ತನಕ, ಕರೆಂಟು ಹೋದರೆ ಫ್ಯಾನು ತಿರುಗುತ್ತದೆಯೋ, ಸೊಳ್ಳೆಪರದೆ ಇದೆಯೋ ಕೇಳಿ. "ಸೀ ವ್ಯೂ" ಎಂದರೆ ಎರಡು ತೆಂಗಿನ ಮರದ ನಡುವೆ ಒಂದು ಗೇಣು ನೀಲಿ ಕಂಡರೂ ಸೀ ವ್ಯೂ. ಬಾಗಿಲಿನಿಂದ ನೀರಿನ ತನಕ ನಡೆಯುವ ವಿಡಿಯೊ ವಾಟ್ಸಾಪ್ ಮಾಡಿ ಎಂದರೆ ನಿಜ ಹೊರಬೀಳುತ್ತದೆ. ಕಾರವಾರ ಕಡೆಯ ಹೊಸ ಹೋಟೆಲುಗಳಿಗೆ ಕೇಳಬೇಕಾದದ್ದು ಬೇರೆ: ರೂಮು ಹೆದ್ದಾರಿ ಕಡೆಗೋ ಹಿಂದಕ್ಕೋ? ಹೆದ್ದಾರಿ 66ರಲ್ಲಿ ಲಾರಿಗಳು ರಾತ್ರಿಯಿಡೀ ಓಡುತ್ತವೆ.

ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು, ಸಿಲಿಂಡರು ಬೋಗುಣಿ ಹೇರಿಕೊಂಡು ಹೋಗುವ ತಂಡಗಳಿಗೆ ಒಂದು ಮಾತು. ಗೋವಾದ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು 2019ರ ತಿದ್ದುಪಡಿಯಿಂದ ಅಪರಾಧ. ಆಗ ಇಟ್ಟ ದಂಡ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ, 2025ರಲ್ಲಿ ಅದನ್ನೂ ಏರಿಸಿದ್ದಾರೆ. ಬುತ್ತಿ ಕಟ್ಟಿಕೊಂಡು ಹೋಗಲು ಅಡ್ಡಿಯಿಲ್ಲ. ಆದರೆ ಕಟಕ ರೊಟ್ಟಿ ಅಲ್ಲಿನ ಹಸಿ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಬಟ್ಟೆಯಲ್ಲಿ ಸುತ್ತಿದರೆ ಇನ್ನೂ ಬೇಗ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ದಿನಕ್ಕೊಂದರಂತೆ ಬೇರೆ ಬೇರೆ ತುಂಬಿ, ಆ ದಿನದ್ದನ್ನು ಮಾತ್ರ ತೆರೆಯಿರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ಮೊಸರು ಕಾರವಾರದಲ್ಲಿ ಸಿಗುತ್ತದೆ. ಮೀನು ತಿನ್ನುವವರು ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ ಎಂಬುದು ನೆನಪಿಡಿ. ಆಗ ಇಸ್ವಾಣ, ಬಂಗಡೆ ತುಟ್ಟಿ, ಎಷ್ಟೋ ಸಲ ಐಸಿನಲ್ಲಿಟ್ಟ ಹಳೆಯ ಮಾಲು.

ನೀರಿಗಿಳಿಯುವವರು ಭರತ-ಇಳಿತದ ವೇಳೆ ನೋಡಿಕೊಂಡು ಇಳಿಯಿರಿ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರು ಮರುದಿನ ಸುಮಾರು 50 ನಿಮಿಷ ತಡವಾಗಿ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ಪಾಲೋಲೆಂನ ಉತ್ತರ ತುದಿಯ ನಡುಗಡ್ಡೆಗೆ ಇಳಿತದ ಹೊತ್ತಿಗೆ ನಡೆದು ಹೋದವರು ನೀರು ಏರುವ ಮೊದಲೇ ಹೊರಳಬೇಕು. ಎರಡೂ ಕಡೆ ಅಲೆ ಒಡೆಯುತ್ತ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅಲ್ಲಿ ಇಳಿಯಬೇಡಿ. ದಂಡೆಗೆ ಬಂದ ನೀರು ಒಳಗೆ ಎಳೆದುಕೊಂಡು ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ದಂಡೆಯ ಕಡೆ ಈಜಿ ದಣಿಯದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬೀಳಬೇಕು. ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಈ ಎಳೆತದ ಅಂದಾಜು ಇರುವುದಿಲ್ಲ.

ಯಾವ ದಾರಿ ಎಂಬುದು ನೀವು ಹೊರಡುವ ಊರಿನ ಮೇಲೆ ಹೋಗುತ್ತದೆ. ಹುಬ್ಬಳ್ಳಿ, ಗದಗಿನವರಿಗೆ ಕಲಘಟಗಿ–ಯಲ್ಲಾಪುರ–ಅಂಕೋಲಾ, ಹೆದ್ದಾರಿ 52. ಕಾರವಾರದ ತನಕ 165 ಕಿ.ಮೀ. ಸುತ್ತಮುತ್ತ, ನಾಲ್ಕು ತಾಸು ಹಿಡಿಯಿರಿ. ಅರಬೈಲ್ ಘಟ್ಟ ಇಳಿಯುವಾಗ ಲಾರಿಯ ಹಿಂದೆ ಬ್ರೇಕ್ ಒತ್ತಿಕೊಂಡೇ ಹೋದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಹಿಡಿತ ಸಡಿಲಾಗುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಇಳಿಸಿ. ಮಕ್ಕಳಿಗೆ ಯಲ್ಲಾಪುರದಲ್ಲಿ ಎಣ್ಣೆ ತಿಂಡಿ ಬೇಡ, ಮುಂದಿನ ತಿರುವುಗಳಲ್ಲಿ ಎಲ್ಲ ಹೊರಬರುತ್ತದೆ. ಧಾರವಾಡದವರಿಗೆ ಹಳಿಯಾಳ–ದಾಂಡೇಲಿ–ಜೋಯಿಡಾ–ಅಣಶಿ ಘಟ್ಟದ ದಾರಿ ಚೆಲುವಾದದ್ದು, ಆದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹೋಗುತ್ತದೆ. ದಾಂಡೇಲಿಯಲ್ಲಿ ಪೆಟ್ರೋಲ್ ತುಂಬಿಸಿ, ಕತ್ತಲಾಗುವ ಮೊದಲು ಕದ್ರಾ ಮುಟ್ಟಿ. ಹಾವೇರಿಯವರಿಗೆ ಶಿರಸಿ–ದೇವಿಮನೆ ಘಟ್ಟ–ಕುಮಟಾ ಹತ್ತಿರ. ಗೋಕರ್ಣವನ್ನು ಲೆಕ್ಕದಿಂದ ತೆಗೆಯಿರಿ ಎಂದ ಮಾತು ಅವರಿಗೆ ಸ್ವಲ್ಪ ಸಡಿಲ. ಮೊದಲ ರಾತ್ರಿ ಗೋಕರ್ಣ, ಉಳಿದದ್ದು ಮಾಜಾಳಿ ಎಂದು ಎರಡು ಕಡೆ ಮುಕ್ಕಾಮು ಮಾಡಬಹುದು. ಮಳೆಗಾಲದಲ್ಲಿ ಯಾವ ಘಟ್ಟವನ್ನೂ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದಾಗಿತ್ತು.

ಹುಬ್ಬಳ್ಳಿಯಿಂದ ಕಾರವಾರಕ್ಕೆ ನೇರ ರೈಲಿಲ್ಲ. ಲೋಂಡಾ, ಕ್ಯಾಸಲ್‌ರಾಕ್ ಮೇಲಿಂದ ಮಡಗಾಂವ್ ತನಕ ಹೋಗಿ, ಅಲ್ಲಿ ಕೊಂಕಣ ರೈಲ್ವೆಯ ಗಾಡಿ ಹಿಡಿದು ಕಾಣಕೋಣಕ್ಕೋ ಕಾರವಾರಕ್ಕೋ ಇಳಿಯಬೇಕು. ಪಾಲೋಲೆಂನಲ್ಲಿ ಉಳಿಯುವವರಿಗೆ ಇದು ಒಳ್ಳೆಯ ದಾರಿ, ಕಾಣಕೋಣ ನಿಲ್ದಾಣ ದಂಡೆಗೆ ಹತ್ತಿರ. ಕಾರವಾರ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಮಾಜಾಳಿ ಕಡೆಯವರಿಗೆ ಅಸ್ನೋಟಿ ಹತ್ತಿರ, ಆದರೆ ಅಲ್ಲಿ ನಿಲ್ಲುವ ಗಾಡಿ ಕೆಲವೇ.

ಸ್ವಂತ ಗಾಡಿಯವರು ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ, ಲೈಸೆನ್ಸು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿರಿ. ಕೆಎ-25, ಕೆಎ-63 ನಂಬರು ಕಂಡರೆ ಗೋವಾ ಪೊಲೀಸರು ಕೈ ಅಡ್ಡ ಹಾಕುವುದುಂಟು, ಬಹುಪಾಲು ಸಿಕ್ಕಿಬೀಳುವುದು ಹೊಗೆ ಚೀಟಿಯ ಅವಧಿ ಮುಗಿದವರು. ಅಲ್ಲಿ ಸ್ಕೂಟರು ಬಾಡಿಗೆಗೆ ಹಿಡಿದರೆ ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರದ ನಂಬರಿನದ್ದನ್ನೇ ಹಿಡಿಯಿರಿ. ಬಿಳಿ ನಂಬರಿನದ್ದು ಖಾಸಗಿ ಗಾಡಿ, ಬಾಡಿಗೆಗೆ ಕೊಡುವಂತಿಲ್ಲ. ಆ ಸ್ಕೂಟರಿನಲ್ಲಿ ಮಾಜಾಳಿಗೆ ಬಂದು ಹೋಗೋಣ ಎನ್ನುವ ಮೊದಲು ರಾಜ್ಯ ದಾಟಲು ಒಪ್ಪಿಗೆ ಇದೆಯೋ ಎಂದು ಮಾಲೀಕರನ್ನು ಕೇಳಿ. ಪೆಟ್ರೋಲು ಕರ್ನಾಟಕಕ್ಕಿಂತ ಗೋವಾದಲ್ಲಿ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಪಾಲೋಲೆಂಗೆ ಹೋಗುವ ದಿನ ಟ್ಯಾಂಕು ಕೆಳಗಿರಲಿ, ಹೊರಳುವಾಗ ಗೋವಾ ಕಡೆಯ ಗಡಿ ಊರು ಪೋಳೆಂಗೆ ಮೊದಲೇ ಪೂರ್ತಿ ತುಂಬಿಸಿದರೆ ಊರಿನ ತನಕ ಸಾಲುತ್ತದೆ.