ಒಂದು ಹಲಸಿನ ತೊಳೆ: ಮಲಕ್ಕಾದಿಂದ ಜೋಹೋರ್ ಹೊಳೆಯವರೆಗೆ

ಮಲೇಷ್ಯಾಕ್ಕೆ ಹೋದವರು ಮಲಕ್ಕಾದಲ್ಲಿ ಅರ್ಧ ದಿನ ಕಳೆದು, ಕೆಂಪು ಕಟ್ಟಡದ ಮುಂದೆ ಫೋಟೋ ಹೊಡೆಸಿಕೊಂಡು ಕೌಲಾಲಂಪುರಕ್ಕೆ ವಾಪಸಾಗುತ್ತಾರೆ. ನಾನೂ ನಮ್ಮಕ್ಕನೂ ಅಲ್ಲಿಗೇ ನಿಲ್ಲಿಸದೆ ದಕ್ಷಿಣಕ್ಕೆ, ಜೋಹೋರ್ ರಾಜ್ಯದ ಕೋಟ ತಿಂಗಿ, ಜೋಹೋರ್ ಲಾಮಾದವರೆಗೂ ಹೋಗಿಬಂದೆವು. ಇತಿಹಾಸದ ಹುಚ್ಚು ಸ್ವಲ್ಪ ಇದ್ದರೂ ನೀವೂ ಹಾಗೇ ಮಾಡಿ. ಮಲಕ್ಕಾದಲ್ಲಿ ಸಿಗುವುದು ಅರ್ಧ ಕಥೆ ಮಾತ್ರ. ಬೇರೆಯವರ ಕೈಗೆ ಹೋದ ಊರು ಅದು. ಅದನ್ನು ಕಳೆದುಕೊಂಡ ಮಲಯ ಸುಲ್ತಾನರು ಮುಂದೆ ಏನು ಮಾಡಿದರು ಅನ್ನುವುದು ಜೋಹೋರ್ ಹೊಳೆಯ ದಂಡೆಯಲ್ಲಿದೆ.

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಿ. ವಿಮಾನ ನಿಲ್ದಾಣದಿಂದಲೇ ಮಲಕ್ಕಾಕ್ಕೆ ಬಸ್ಸಿದೆ. ಕೌಲಾಲಂಪುರ ನೋಡಿಕೊಂಡು ಹೊರಡುವುದಾದರೆ ಟಿಬಿಎಸ್ ಅನ್ನುವ ದೊಡ್ಡ ಬಸ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ಎರಡು ಗಂಟೆ ಚಿಲ್ಲರೆ ದಾರಿ. ಬಸ್ ಇಳಿಸುವ ಮಲಕ್ಕಾ ಸೆಂಟ್ರಲ್ ಹಳೇ ಊರಿನ ಒಳಗಿಲ್ಲ, ಕೆಲವು ಕಿಲೋಮೀಟರ್ ದೂರ. ಕಾರು ಕರೆಸುವ ಗ್ರ್ಯಾಬ್ ಆ್ಯಪ್ ಇಟ್ಟುಕೊಂಡಿದ್ದರೆ ತೊಂದರೆಯಿಲ್ಲ.

ಮಲಕ್ಕಾದಲ್ಲಿ ಬೆಳಗ್ಗೆ ಬೇಗ ಎದ್ದು ಸೇಂಟ್ ಪಾಲ್ ಗುಡ್ಡ ಹತ್ತಿ. ಹತ್ತು ಗಂಟೆ ದಾಟಿದರೆ ಬಿಸಿಲು, ಸೆಕೆ, ಟೂರ್ ಬಸ್ಸುಗಳ ಜನ, ಮೂರೂ ಒಟ್ಟಿಗೆ ಬರುತ್ತವೆ. ಗುಡ್ಡದ ಬುಡದಲ್ಲಿರುವ ಕಲ್ಲಿನ ಬಾಗಿಲೇ ಪೋರ್ಚುಗೀಸರ ಕೋಟೆಯಲ್ಲಿ ಉಳಿದಿರುವ ಹೆಸರಾದ ತುಂಡು. ಉಳಿದ ಕೋಟೆಯನ್ನು 1807ರಲ್ಲಿ ಬ್ರಿಟಿಷರು ಕೆಡವಿಸಿದರು. ಬಾಗಿಲ ಮೇಲೆ ಡಚ್ಚರು ಕೆತ್ತಿಸಿದ 1670 ಅನ್ನುವ ಇಸವಿ ಇದೆ. ಕಟ್ಟಿದವರು ಒಬ್ಬರು, ಹೆಸರು ಹಾಕಿಸಿಕೊಂಡವರು ಇನ್ನೊಬ್ಬರು! ಹಿಂದೆ ಸಮುದ್ರ ಕೋಟೆಯ ಪಕ್ಕದಲ್ಲೇ ಇತ್ತಂತೆ. ಈಗ ಅಲ್ಲಿ ಮಣ್ಣು ತುಂಬಿ ಮಾಲ್ ಕಟ್ಟಿದ್ದಾರೆ. ಹಾಗಾಗಿ ಹಡಗಿನಿಂದ ದಾಳಿ ಮಾಡಿದ್ದು ಎಲ್ಲಿಂದ ಅಂತ ಕಲ್ಪಿಸಿಕೊಳ್ಳುವುದು ಕಷ್ಟ. ಗುಡ್ಡದ ಮೇಲಿಂದ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ.

ಮೇಲೆ ಪಾಳು ಬಿದ್ದ ಚರ್ಚಿದೆ. ಹಳೇ ಗೋವಾದಲ್ಲಿ ಫ್ರಾನ್ಸಿಸ್ ಜೇವಿಯರ್ ಶವಪೆಟ್ಟಿಗೆ ನೋಡಿದ್ದೀರಲ್ವಾ? ಅಲ್ಲಿಗೆ ಸಾಗಿಸುವ ಮುಂಚೆ, 1553ರಲ್ಲಿ, ಅವರ ದೇಹ ಕೆಲವು ತಿಂಗಳು ಇಲ್ಲೇ ಇತ್ತು. ನಮ್ಮ ಕಡೆಯ ಇನ್ನೊಂದು ನಂಟೂ ಉಂಟು. 1511ರಲ್ಲಿ ಮಲಕ್ಕಾ ಹಿಡಿದ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್, ಅದರ ಹಿಂದಿನ ವರ್ಷವಷ್ಟೇ ಬಿಜಾಪುರದ ಆದಿಲ್ ಶಾಹಿಯಿಂದ ಗೋವಾ ಕಿತ್ತುಕೊಂಡಿದ್ದ. ಆಗ ಅವನಿಗೆ ನೆರವಾದವನು ಹೊನ್ನಾವರ ಕಡೆಯ ಕಡಲ ನಾಯಕ ತಿಮ್ಮಯ್ಯ. ಒಳಗಿನ ಜಗಳ ನೋಡಿಕೊಂಡು ಒಬ್ಬರ ಕೈ ಹಿಡಿಯುವ ಆ ಲೆಕ್ಕಾಚಾರ ಇಲ್ಲೂ ಮುಂದುವರಿಯಿತು.

ಊಟದ ವಿಷಯ. ಸಸ್ಯಾಹಾರಿಗಳು 'ಬೆಲಾಚನ್' ಅನ್ನುವ ಪದ ನೆನಪಿಟ್ಟುಕೊಳ್ಳಿ. ಅದು ಸಿಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ, ಬರೀ ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಸಿಗುತ್ತದೆ, ನಮ್ಮಕ್ಕ ಬದುಕಿದ್ದೇ ಅದರಿಂದ. ಸಂಜೆ ಚೆಂಡೋಲ್ ಅನ್ನುವ ತೆಂಗಿನ ಹಾಲಿನ ತಣ್ಣನೆ ಸಿಹಿ ತಪ್ಪಿಸಬೇಡಿ. ಅದಕ್ಕೆ ಹಾಕುವ ಗುಲಾ ಮೆಲಾಕ ತೆಂಗಿನ ಬೆಲ್ಲ.

ಮಲಕ್ಕಾ ಬಿಡುವ ಮುಂಚೆ ಸೇಂಟ್ ಜಾನ್ ಕೋಟೆಗೊಮ್ಮೆ ಹೋಗಿ. ಚಿಕ್ಕದು, ಜನ ಕಡಿಮೆ. ಅಲ್ಲಿನ ಫಿರಂಗಿಗಳ ಮುಖ ಸಮುದ್ರದ ಕಡೆಗಿಲ್ಲ, ಒಳನಾಡಿನ ಕಡೆಗಿದೆ. ಡಚ್ಚರಿಗೆ ಭಯ ಇದ್ದದ್ದು ಒಳಗಿನಿಂದ, ಅದರಲ್ಲೂ ಸುಲವೇಸಿ ದ್ವೀಪದ ಮೂಲದ ಬುಗಿಸ್ ಯೋಧರಿಂದ. ಸುಮ್ನೆ ಭಯ ಅಲ್ಲ. 1784ರಲ್ಲಿ ಬುಗಿಸ್ ನಾಯಕ ರಾಜಾ ಹಾಜಿ ಮಲಕ್ಕಾವನ್ನು ಮುತ್ತಿದ. ಅವನು ಡಚ್ಚರ ಕೈಯಲ್ಲಿ ಸತ್ತದ್ದು ಊರ ಹತ್ತಿರವೇ.

ಮಾರನೇ ದಿನ ಜೋಹೋರ್ ಬಾಹ್ರುಗೆ ಬಸ್ ಹಿಡಿದೆವು, ಮೂರು ಗಂಟೆ ಚಿಲ್ಲರೆ. ದಾರಿಯಲ್ಲಿ ಎರಡೂ ಕಡೆ ತಾಳೆ ಎಣ್ಣೆ ತೋಟ ಬಿಟ್ಟರೆ ನೋಡಲು ಏನೂ ಇಲ್ಲ. ಹಾಗಾಗಿ ನಮ್ಮಕ್ಕನಿಗೆ ಕಥೆ ಹೇಳುತ್ತಾ ಕೂತೆ. ನೀವೂ ಇಷ್ಟು ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಮುಂದೆ ಕಾಣುವುದು ಬರೀ ಮಣ್ಣಿನ ದಿಬ್ಬ.

ಮಲಕ್ಕಾ ಕಳೆದುಕೊಂಡ ಸುಲ್ತಾನ್ ಮಹ್ಮೂದ್ ಶಾ ಊರೂರು ಅಲೆದು 1528ರಲ್ಲಿ ತೀರಿಕೊಂಡ. ಮಗ ಅಲಾವುದ್ದೀನ್ ಜೋಹೋರ್ ಹೊಳೆಯ ಕಡೆ ಹೊಸ ರಾಜ್ಯ ಕಟ್ಟಿದ. ಎದುರಿಗೆ ಪೋರ್ಚುಗೀಸರು ಇದ್ದೇ ಇದ್ದರು. ಆದರೆ ಅಷ್ಟೇ ದೊಡ್ಡ ಶತ್ರು ಸುಮಾತ್ರಾದ ಉತ್ತರ ತುದಿಯ ಅಚೆ ಸುಲ್ತಾನರು. ಮಲಕ್ಕಾ ಬಿದ್ದ ಮೇಲೆ ಮುಸ್ಲಿಂ ವ್ಯಾಪಾರಿಗಳು ಅಲ್ಲಿಗೆ ಹೋದರು, ಮೆಣಸಿನ ದುಡ್ಡಿನಲ್ಲಿ ಅಚೆ ಕೊಬ್ಬಿತು. 1564ರಲ್ಲಿ ಅಚೆಯವರು ಜೋಹೋರಿಗೆ ನುಗ್ಗಿ ಇದೇ ಅಲಾವುದ್ದೀನನನ್ನು ಹಿಡಿದು ಒಯ್ದರು. 1587ರಲ್ಲಿ ಪೋರ್ಚುಗೀಸರು ಆಗಿನ ರಾಜಧಾನಿ ಜೋಹೋರ್ ಲಾಮಾವನ್ನು ಸುಟ್ಟರು. 1613ರಲ್ಲಿ ಮತ್ತೆ ಅಚೆಯವರ ದಾಳಿ, ಸುಲ್ತಾನ ಇಸ್ಕಂದರ್ ಮುದಾ ಕಾಲದಲ್ಲಿ. 1629ರಲ್ಲಿ ಅದೇ ಇಸ್ಕಂದರ್ ಮುದಾ ಮಲಕ್ಕಾ ಮೇಲೆ ದೊಡ್ಡ ನೌಕಾಪಡೆ ಕಳಿಸಿ ಸೋತ. ಆಗ ಜೋಹೋರಿನವರು ನಿಂತದ್ದು ಪೋರ್ಚುಗೀಸರ ಕಡೆ! ತಮ್ಮ ಅಜ್ಜ ಮುತ್ತಜ್ಜಂದಿರ ಊರು ಕಿತ್ತುಕೊಂಡವರ ಕಡೆ.

"ಹಾಗಾದ್ರೆ ಯಾರು ಯಾರ ಕಡೆ?" ಅಂತ ನಮ್ಮಕ್ಕ ಕೇಳಿದಳು. ಆ ವರ್ಷಕ್ಕೆ ಯಾರು ಜಾಸ್ತಿ ಅಪಾಯವೋ ಅವರ ಎದುರು ಕಡೆ, ಅಷ್ಟೇ. 1606ರಲ್ಲಿ ಜೋಹೋರ್ ಡಚ್ಚರ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1641ರ ಜನವರಿಯಲ್ಲಿ ಇಬ್ಬರೂ ಸೇರಿ ಮಲಕ್ಕಾ ಗೆದ್ದರು. ಊರು ಡಚ್ಚರಿಗೆ ಹೋಯಿತು. ಜೋಹೋರಿಗೆ ಸಿಕ್ಕಿದ್ದು ವ್ಯಾಪಾರದ ಸವಲತ್ತು, ಅಚೆಯ ಕಾಟದಿಂದ ಬಿಡುಗಡೆ. ಅದೇನು ಸಣ್ಣದಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ 1673ರಲ್ಲಿ ಸುಮಾತ್ರಾದ ಇನ್ನೊಂದು ಮಲಯ ರಾಜ್ಯ ಜಂಬಿ ಬಂದು ರಾಜಧಾನಿ ಬಾತು ಸಾವರ್ ಅನ್ನು ಲೂಟಿ ಮಾಡಿತು. ಡಚ್ಚರು ಅದನ್ನು ತಡೆಯಲಿಲ್ಲ.

ಜೋಹೋರ್ ಬಾಹ್ರುನಿಂದ ಕೋಟ ತಿಂಗಿ ಸುಮಾರು 40 ಕಿಲೋಮೀಟರ್, ಲಾರ್ಕಿನ್ ನಿಲ್ದಾಣದಿಂದ ಬಸ್ಸಿದೆ. ಅಲ್ಲಿ ನೋಡಬೇಕಾದ್ದು ಕಂಪುಂಗ್ ಮಕಾಮ್‌ನಲ್ಲಿರುವ, ಜೋಹೋರ್ ಆಳಿದ ಮಲಕ್ಕಾ ಮನೆತನದ ಕೊನೆಯ ಸುಲ್ತಾನನ ಗೋರಿ. ಇವನೂ ಮಹ್ಮೂದನೇ. 1699ರಲ್ಲಿ ಮೇನೆಯಲ್ಲಿ ಮಸೀದಿಗೆ ಹೋಗುವಾಗ ಕೊಲೆಯಾದ. ಜನ ಹೇಳುವ ಕಥೆ ಹೀಗಿದೆ. ಅವನ ಸೇನಾನಿ ಮೆಗತ್ ಸೆರಿ ರಾಮನ ಬಸುರಿ ಹೆಂಡತಿ ಅರಮನೆ ತೋಟದ ಹಲಸಿನ ಹಣ್ಣಿನಲ್ಲಿ ಒಂದು ತೊಳೆ ತಿಂದಳು. ಸಿಟ್ಟಾದ ಸುಲ್ತಾನ ಅವಳ ಹೊಟ್ಟೆ ಬಗೆಸಿದ. ಗಂಡ ಕಾದಿದ್ದು ಸೇಡು ತೀರಿಸಿಕೊಂಡ. ಸುಲ್ತಾನನಿಗೆ ವಾರಸುದಾರರಿರಲಿಲ್ಲ, ಜೋಹೋರಿನಲ್ಲಿ ಮಲಕ್ಕಾದ ಅರಸುಮನೆತನ ಅಲ್ಲಿಗೆ ಮುಗಿಯಿತು. ಮಂತ್ರಿಯ ಮನೆತನ ಪಟ್ಟಕ್ಕೆ ಬಂತು. 1718ರಲ್ಲಿ ರಾಜಾ ಕೆಚಿಲ್ ಅನ್ನುವವನು, ತಾನೇ ಸತ್ತ ಸುಲ್ತಾನನ ಮಗ ಎಂದು ಬಂದು ಜೋಹೋರ್ ಹಿಡಿದ. ಅವನನ್ನು ಓಡಿಸಿದ ಬುಗಿಸರು 1722ರ ನಂತರ ಅಧಿಕಾರ ತಾವೇ ಇಟ್ಟುಕೊಂಡರು. ಮಲಕ್ಕಾದಲ್ಲಿ ನೋಡಿದ ಆ ತಿರುಗಿದ ಫಿರಂಗಿಗಳ ಮೂಲ ಇಲ್ಲೇ ಇದೆ.

"ಒಂದು ತೊಳೆಗೆ ಇಷ್ಟೆಲ್ಲಾ ಆಯ್ತಾ?" ಅಂದಳು ನಮ್ಮಕ್ಕ. ಗೋರಿಯ ಹತ್ತಿರ ಮಾತ್ರ ದನಿ ತಗ್ಗಿಸಿ. ಊರಿನವರಿಗೆ ಅದು ಗೌರವದ ಜಾಗ. ಮೈ ಮುಚ್ಚುವ ಬಟ್ಟೆ ಇರಲಿ, ಫೋಟೋ ತೆಗೆಯುವ ಮುಂಚೆ ಕೇಳಿ.

ಜೋಹೋರ್ ಲಾಮಾ ವಿಚಾರದಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಆ್ಯಪಿನಲ್ಲಿ ಕಾರು ಹಿಡಿದು ಹೋದೆವು, ವಾಪಸ್ ಬರಲು ಒಂದೂ ಸಿಗಲಿಲ್ಲ. ಸಣ್ಣ ಹಳ್ಳಿ ಅದು. ಒಂದೂವರೆ ಗಂಟೆ ಕಾದೆವು, ಜೊತೆಗೆ ಮಧ್ಯಾಹ್ನದ ಮಳೆ ಬೇರೆ. ಕೊನೆಗೆ ಅಂಗಡಿಯವರೊಬ್ಬರು ಯಾರಿಗೋ ಫೋನ್ ಮಾಡಿ ಕಾರು ತರಿಸಿದರು. ಅರ್ಧ ದಿನಕ್ಕೆ ಕಾರು ಮಾತಾಡಿಕೊಂಡೇ ಹೊರಡಿ. ಕೊಡೆ, ನೀರು, ಸೊಳ್ಳೆಗೆ ಹಚ್ಚುವ ಎಣ್ಣೆ ಜೊತೆಗಿರಲಿ. ಅಲ್ಲಿರುವುದು ಹುಲ್ಲು ಬೆಳೆದ ಮಣ್ಣಿನ ಕೋಟೆ ಏರಿ, ಒಂದು ಸಣ್ಣ ಮ್ಯೂಸಿಯಂ, ಕೆಳಗೆ ಅಗಲವಾದ ಕಂದು ಹೊಳೆ. ಏರಿಯ ಮೇಲೆ ನಿಂತರೆ ಬರುವ ಹಡಗು ಎಷ್ಟು ದೂರದಿಂದ ಕಾಣುತ್ತಿತ್ತು ಅಂತ ಗೊತ್ತಾಗುತ್ತದೆ. ಮಲಕ್ಕಾದ ಗುಡ್ಡಕ್ಕಿಂತ ನನಗೆ ಇದೇ ಹಿಡಿಸಿತು.

ಇಲ್ಲಿಂದ ಸಿಂಗಾಪುರ ಹತ್ತಿರ, ಹೋಗೋಣ ಅನ್ನಿಸುತ್ತದೆ. ಅದಕ್ಕೆ ಬೇರೆ ವೀಸಾ ಬೇಕು, ಊರಲ್ಲೇ ಮಾಡಿಸಿಕೊಂಡು ಬನ್ನಿ. ಹೋದರೆ ಚಾಂಗಿ ಕಡಲ ದಂಡೆಗೂ ಹೋಗಿ. ಜೋಹೋರ್ ಹೊಳೆ ಸಮುದ್ರ ಸೇರುವುದು ಅದರ ಆಚೆಗೇ. 1603ರಲ್ಲಿ ಸಾಂತಾ ಕತರೀನಾ ಅನ್ನುವ ಪೋರ್ಚುಗೀಸ್ ಹಡಗನ್ನು ಡಚ್ಚರು ಜೋಹೋರಿನವರ ನೆರವಿನಿಂದ ಹಿಡಿದದ್ದು ಆ ನೀರಿನಲ್ಲೇ.